ಹತ್ತೊಂಬತ್ತು ತುಂಡಿನ ಬೀಸುಕಲ್ಲು

ನನ್ನ ಕೆಲಸ ಏನೆಂದು ಹೇಳಿದರೆ ಈಗಿನವರಿಗೆ ತಕ್ಷಣ ತಿಳಿಯುವುದಿಲ್ಲ. ಹಿಟ್ಟಿನ ಗಿರಣಿಯ ಬೀಸುಕಲ್ಲು ತಿರುಗಿ ತಿರುಗಿ ನುಣ್ಣಗಾದಾಗ ಅದರ ಮೈಮೇಲೆ ಉಳಿ ಇಟ್ಟು ಮತ್ತೆ ಗೆರೆ ಹೊಡೆದು ಹರಿತ ಮಾಡುವವನು ನಾನು. ಹೆಸರು ಮೌಲಾಸಾಬ್, ಊರು ಜಗಳೂರು. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಕಲ್ಲಿನ ಗಿರಣಿ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಬಸ್ಸು ಹತ್ತಿ ಹೋಗುತ್ತೇನೆ. ನಲವತ್ತು ವರ್ಷದಲ್ಲಿ ಉಳಿಯಿಂದ ಸಿಡಿದ ಉಕ್ಕಿನ ಚೂರುಗಳು ಎರಡೂ ಕೈಗಳ ಚರ್ಮದೊಳಗೆ ಕೂತು ನೀಲಿ ಚುಕ್ಕೆಗಳಾಗಿವೆ. ಯಾರಾದರೂ ನನ್ನ ಅನುಭವ ವಿಚಾರಿಸಿದರೆ ಬಾಯಿ ಬಿಡುವುದಿಲ್ಲ, ಕೈ ತೋರಿಸುತ್ತೇನೆ. ನಾನು ಎಷ್ಟು ಜಂಬದ ಮನುಷ್ಯ ಎಂಬುದು ಇಷ್ಟರಲ್ಲೇ ನಿಮಗೆ ಗೊತ್ತಾಗಿರಬೇಕು.

ಸಂಕ್ರಾಂತಿ ಕಳೆದ ವಾರ ಹೊನ್ನಾಳಿಯ ಕಸ್ತೂರಮ್ಮ ಹೇಳಿಕಳಿಸಿದರು. ತುಂಗಭದ್ರೆಯ ಸೇತುವೆಗೆ ಸ್ವಲ್ಪ ಈಚೆ ಅವರ ಗಿರಣಿ. ಗಂಡ ತೀರಿಕೊಂಡ ಮೇಲೆ ಅದನ್ನು ಅವರೇ ನಡೆಸುತ್ತಿದ್ದಾರೆ. ಅಲ್ಲಿಯ ಕಲ್ಲಿನ ಕೆಲಸವನ್ನು ಮೊದಲಿನಿಂದ ನೋಡಿಕೊಳ್ಳುತ್ತಿದ್ದ ಮುದುಕ ಹೋಗಿಬಿಟ್ಟಿದ್ದರಿಂದ ನನಗೆ ಕರೆ ಬಂತು. ಆ ಗಿರಣಿಯ ರಾಗಿ ಹಿಟ್ಟಿಗೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ಬೇರೆ ಕಡೆ ಹಿಟ್ಟು ಕೈ ಸುಡುವಷ್ಟು ಬಿಸಿಯಾಗಿ ಬೀಳುತ್ತದೆ, ಇಲ್ಲಿ ತಣ್ಣಗಿರುತ್ತದೆ ಎಂದು ಜನ ಹೊಳೆಯ ಆಚೆಯಿಂದಲೂ ಬರುತ್ತಿದ್ದರು.

ಮೇಲಿನ ಕಲ್ಲನ್ನು ಎತ್ತಿಸಿ ಮಗುಚಿದರೆ ನಾನು ಹಿಂದೆಂದೂ ನೋಡದ ಸರಕು. ನಮ್ಮ ಕಡೆ ಬೀಸುಕಲ್ಲು ಅಂದರೆ ಒಂದೇ ಬಂಡೆಯಿಂದ ಕಡೆದದ್ದು. ಇದರಲ್ಲಿ ಎಣಿಸಿದರೆ ಹತ್ತೊಂಬತ್ತು ತುಂಡುಗಳು, ಸುತ್ತ ಎರಡು ಕಬ್ಬಿಣದ ಪಟ್ಟಿ. ಬೆನ್ನ ಕಡೆ ಬೆರಳ ಗೆಣ್ಣಿನಿಂದ ತಟ್ಟಿದೆ. ಗಟ್ಟಿ ಕಲ್ಲು ಕಂಚಿನ ತಟ್ಟೆಯಂತೆ ಟಣ್ ಎನ್ನಬೇಕು, ಇದು ದಬ್ ಎಂದಿತು. ನನಗೆ ಅಷ್ಟು ಸಾಕಾಯಿತು. ಒಡೆದುಹೋದ ಕಲ್ಲಿಗೆ ಪಟ್ಟಿ ಬಿಗಿದು ಯಾರೋ ನಿಮ್ಮ ತಲೆಗೆ ಕಟ್ಟಿದ್ದಾರೆ, ಪಟ್ಟಿ ಜಾರಿದ ದಿನ ತುಂಡು ಹಾರಿ ಯಾರದಾದರೂ ಪ್ರಾಣ ತೆಗೆಯುತ್ತದೆ ಎಂದು ಡಬ್ಬಿ ಚೀಲ ಹಿಡಿದು ನಿಂತ ಜನರೆದುರೇ ಹೇಳಿಬಿಟ್ಟೆ.

ಕಸ್ತೂರಮ್ಮ ವಾದ ಮಾಡಲಿಲ್ಲ. ಇದು ನಮ್ಮ ಮಾವ ತಂದದ್ದು, ಎಪ್ಪತ್ತು ವರ್ಷ ತಿರುಗಿದೆ ಎಂದಷ್ಟೇ ಹೇಳಿದರು. ಇಷ್ಟು ದಿನ ನಡೆದದ್ದೇ ನಿಮ್ಮ ಪುಣ್ಯ ಎಂದೆ. ಅದೇ ವಾರ ಆ ಕಲ್ಲು ಹೊರಗೆ ಹೋಯಿತು, ಹೊಸ ಕಂಪನಿ ಕಲ್ಲುಗಳು ಬಂದು ಕೂತವು. ಹೊರಡುವ ಮುಂಚೆ ಅದರ ಬೆನ್ನ ಮೇಲಿದ್ದ ಅಂಗೈಯಗಲದ ತಗಡಿನ ಫೋಟೊ ತೆಗೆದುಕೊಂಡಿದ್ದೆ. ಏನೋ ಇಂಗ್ಲಿಷಿನಂಥ ಅಕ್ಷರಗಳಿದ್ದವು.

ನನ್ನ ಮಗಳು ಅಫ್ಸಾನಾ ಚನ್ನಗಿರಿಯಲ್ಲಿ ಹೈಸ್ಕೂಲು ಟೀಚರು, ಸಮಾಜ ವಿಜ್ಞಾನ ಹೇಳಿಕೊಡುತ್ತಾಳೆ. ಎರಡು ತಿಂಗಳ ಮೇಲೆ ಅಲ್ಲಿನ ಗಿರಣಿಗೆ ಹೋದವನು ಅವಳ ಮನೆಯಲ್ಲಿ ಉಳಿದೆ. ಕಲ್ಲಿಗೂ ತೇಪೆ ಹಾಕುವ ಜನ ಇದ್ದಾರೆ ನೋಡು ಎಂದು ನಗುತ್ತಾ ಫೋಟೊ ತೋರಿಸಿದೆ. ಅವಳು ನಗಲಿಲ್ಲ. ಅಕ್ಷರಗಳನ್ನು ದೊಡ್ಡದು ಮಾಡಿ ಓದಿದಳು, ತನ್ನ ಫೋನಿನಲ್ಲಿ ಏನೋ ಹುಡುಕಿದಳು, ಬಹಳ ಹೊತ್ತು ಓದುತ್ತಲೇ ಇದ್ದಳು.

“ಅಬ್ಬಾ, ಅದು ಒಡೆದ ಕಲ್ಲಲ್ಲ. ಅದನ್ನ ಮಾಡಿದ್ದೇ ಹಂಗೆ” ಎಂದಳು.

ತಗಡಿನ ಮೇಲಿದ್ದದ್ದು ಫ್ರಾನ್ಸ್ ದೇಶದ ಒಂದು ಊರಿನ ಹೆಸರು, ಲಾ ಫೆರ್ತೆ-ಸೂ-ಜುವಾರ್. ಮೂರು ಸಲ ಹೇಳಿಸಿಕೊಂಡರೂ ನನ್ನ ನಾಲಿಗೆ ತಿರುಗಲಿಲ್ಲ. ಪ್ಯಾರಿಸ್ಸಿನ ಪೂರ್ವಕ್ಕೆ, ಮಾರ್ನ್ ಎಂಬ ಹೊಳೆಯ ದಂಡೆಯಲ್ಲಿ, ಹೊನ್ನಾಳಿಗಿಂತ ಚಿಕ್ಕ ಊರು. ಸುತ್ತಲಿನ ದಿಬ್ಬಗಳ ಮಣ್ಣಿನ ಕೆಳಗೆ ಒಂದು ಜಾತಿಯ ಕಲ್ಲು ಸಿಗುತ್ತಿತ್ತಂತೆ. ಬಹಳ ಗಟ್ಟಿ, ಮೈಯೆಲ್ಲ ಸಣ್ಣ ತೂತು. ಆ ತೂತುಗಳ ಅಂಚೇ ಕಾಳನ್ನು ಕತ್ತರಿಸುವುದು. ದೋಷವಿಲ್ಲದ ದೊಡ್ಡ ಬಂಡೆ ಸಿಗುವುದು ಅಪರೂಪವಾದ್ದರಿಂದ ಒಳ್ಳೊಳ್ಳೆಯ ತುಂಡುಗಳನ್ನು ಬಣ್ಣ ನೋಡಿ, ಗಡಸು ನೋಡಿ ಆರಿಸಿ, ಒಂದಕ್ಕೊಂದು ಕೂರುವಂತೆ ಕೆತ್ತಿ, ಗಾರೆ ತುಂಬಿ, ಕಾಯಿಸಿದ ಪಟ್ಟಿ ಹಾಕುತ್ತಿದ್ದರು. ಪಟ್ಟಿ ತಣಿದಂತೆ ಬಿಗಿಯುತ್ತಿತ್ತು. ದಬ್ ಎಂದದ್ದು ಬೆನ್ನಿಗೆ ಹಾಕಿದ ಗಾರೆ. ನಾನು ಕಲ್ಲನ್ನು ತಟ್ಟಿಯೇ ಇರಲಿಲ್ಲ!

ಅಗೆಯುವವರು, ಸೀಳುವವರು, ಕೆತ್ತುವವರು, ಕಮ್ಮಾರರು, ದೋಣಿಯವರು, ಇಡೀ ಊರೇ ಆ ಕಲ್ಲಿನಿಂದ ಉಂಡಿತು. ದೋಣಿಗಳು ಹೊಳೆಗುಂಟ ಕಲ್ಲು ಸಾಗಿಸಿದವು, ಆ ಹೊಳೆ ಇನ್ನೊಂದನ್ನು ಸೇರಿ ಸಮುದ್ರ ಮುಟ್ಟಿತು, ಅಲ್ಲಿಂದ ಹಡಗುಗಳು ದೇಶ ದೇಶಕ್ಕೆ ಹೊತ್ತೊಯ್ದವು. ಆಮೇಲೆ ಉಕ್ಕಿನ ಉರುಳೆಯ ಮಿಲ್ಲುಗಳು ಬಂದವು, ಕಲ್ಲು ಕೇಳುವವರು ಕಡಿಮೆಯಾದರು. ಈಗ ಆ ಊರಿನ ಬಹಳ ಜನ ರೈಲು ಹತ್ತಿ ಪ್ಯಾರಿಸ್ಸಿಗೆ ಕೆಲಸಕ್ಕೆ ಹೋಗುತ್ತಾರಂತೆ. ಕಲ್ಲಿನ ದೂಳು ಎದೆಗೆ ಕೂತು ಅಲ್ಲಿಯ ಕೆಲಸಗಾರರು ಸಣ್ಣ ವಯಸ್ಸಿಗೇ ಸಾಯುತ್ತಿದ್ದರು ಎಂಬುದನ್ನು ಅಫ್ಸಾನಾ ಮೆಲ್ಲಗೆ ಓದಿದಳು, ನನ್ನ ಕಡೆ ನೋಡಲಿಲ್ಲ. ಅವರ ಕೈಮೇಲೂ ನೀಲಿ ಚುಕ್ಕೆಗಳು ಇದ್ದಿರಲೇಬೇಕು.

ನಾನು ಹೊಳೆಯಿಲ್ಲದ ಊರಿನವನು. ನೀರು ಕಲ್ಲನ್ನು ಹೊತ್ತು ಲೋಕ ಸುತ್ತುತ್ತದೆ ಎಂದರೆ ನನ್ನ ತಲೆಯೊಳಗೆ ಹಿಡಿಸಲೇ ಇಲ್ಲ. ಆ ಸಣ್ಣ ಊರಿನ ಯಾರೋ ಮುತ್ತಜ್ಜ ಆರಿಸಿದ ಕಲ್ಲು ಏಳು ಸಮುದ್ರ ದಾಟಿ ಬಂದು ಹೊನ್ನಾಳಿಯಲ್ಲಿ ರಾಗಿ ಬೀಸಿತು. ನಾನು ಅದನ್ನು ಒಂದೇ ತಟ್ಟಿಗೆ ಕೊಂದೆ. ನಾಚಿಕೆಯಿಂದ ಮೈ ಹಿಡಿಯಾಯಿತು. ಆದರೂ ನಿಜ ಹೇಳಬೇಕೆಂದರೆ ನಾಚಿಕೆಗಿಂತ ಬೆರಗೇ ದೊಡ್ಡದಿತ್ತು.

ಕಸ್ತೂರಮ್ಮನಿಗೆ ಫೋನು ಮಾಡಿದೆ. ಕಲ್ಲು ಎಲ್ಲಿದೆ ಎಂದು ಕೇಳುವಷ್ಟು ಮಾತ್ರ ಧೈರ್ಯ ಬಂತು. ನ್ಯಾಮತಿಯ ಗಾದ್ರಪ್ಪ ಹೊಸ ಮನೆಯ ಪಾಯಕ್ಕೆ ಒಡೆದು ತುಂಬಲು ಒಯ್ದಿದ್ದಾನೆ ಎಂದರು. ಮರುದಿನ ಮೊದಲ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅದು ಜಲ್ಲಿಯಾಗಿ ಬಿದ್ದಿರುವುದೇ ಕಣ್ಣಿಗೆ ಕಟ್ಟುತ್ತಿತ್ತು.

ಗಾದ್ರಪ್ಪನ ಪಾಯದ ಪಕ್ಕದಲ್ಲಿ ಕಲ್ಲು ಅಂಗಾತ ಬಿದ್ದಿತ್ತು. ಪಟ್ಟಿಗಳಿರಲಿಲ್ಲ. ಗಾದ್ರಪ್ಪ ನನ್ನನ್ನೇ ಬೈಯುವವನಂತೆ ಎದ್ದು ಬಂದ.

“ಯಾವ ಸೀಮೆ ಕಲ್ಲು ರೀ ಇದು. ಪಟ್ಟಿ ಕೊಯ್ದು ಗುಜರಿಗೆ ಹಾಕಿ ಮೂರು ದಿನ ಬಡಿದ್ವಿ. ಎರಡು ಸುತ್ತಿಗೆ ಕಾವು ಮುರುದ್ವು, ಇದು ಜಪ್ಪಯ್ಯ ಅನ್ನಲಿಲ್ಲ.”

ನಾನು ನೆಲದಲ್ಲೇ ಕೂತುಬಿಟ್ಟೆ. ಪಟ್ಟಿಯ ದೆಸೆಯಿಂದ ನಿಂತಿದೆ ಎಂದು ನಾನು ಜರಿದಿದ್ದ ಕಲ್ಲು ಪಟ್ಟಿ ಇಲ್ಲದೆಯೂ ಹತ್ತೊಂಬತ್ತು ತುಂಡು ಒಂದಾಗಿ ನಿಂತಿತ್ತು. ಅಂಚಿನಲ್ಲಿ ಒಂದು ಕಡೆ ಮಾತ್ರ ಚಕ್ಕೆ ಎದ್ದು ಬೆಸುಗೆಯ ಒಳಮೈ ಕಾಣುತ್ತಿತ್ತು. ಬಗ್ಗಿ ನೋಡಿದೆ. ಯಾರ ಕಣ್ಣಿಗೂ ಎಂದೂ ಬೀಳದ ಆ ಜಾಗದಲ್ಲೂ ಉಳಿಯ ಗೆರೆಗಳು ಒಂದರ ಪಕ್ಕ ಒಂದು, ಒಂದೇ ಅಳತೆಯಲ್ಲಿ ಇದ್ದವು. ನಲವತ್ತು ವರ್ಷ ನಾನು ಮೇಲೆ ಕಾಣುವ ಮುಖವನ್ನಷ್ಟೇ ಅಷ್ಟು ಚಂದ ಮಾಡಿದವನು. ಬಾಯಲ್ಲಿ ತಾನಾಗಿ ಅಲ್ಲಾಹನ ಹೆಸರು ಬಂತು.

ಇದರ ಬದಲು ಪಾಯಕ್ಕೆ ಒಂದು ಟ್ರ್ಯಾಕ್ಟರ್ ಸೈಜುಗಲ್ಲು ಹಾಕಿಸುತ್ತೇನೆ ಎಂದದ್ದಕ್ಕೆ ಗಾದ್ರಪ್ಪ ಪೀಡೆ ತೊಲಗಿತೆಂದು ಖುಷಿಯಿಂದ ಟೆಂಪೊಗೆ ಏರಿಸಿಕೊಟ್ಟ. ಹೊನ್ನಾಳಿ ಮುಟ್ಟುವಾಗ ಗಿರಣಿಯಲ್ಲಿ ಜನ ತುಂಬಿದ್ದರು. ಜನ ಹೋದ ಮೇಲೆ ಹೇಳೋಣ ಎಂದು ಮನಸ್ಸು ಆಸೆಪಟ್ಟಿತು. ಈ ಮಾತು ನಾಲ್ಕು ತಾಲ್ಲೂಕಿಗೂ ಹಬ್ಬುತ್ತದೆ, ಇನ್ನು ಯಾವ ಗಿರಣಿಯವರು ನನ್ನ ಮಾತಿಗೆ ಬೆಲೆ ಕೊಡುತ್ತಾರೆ? ಆದರೆ ಕಲ್ಲನ್ನು ಜರಿದದ್ದು ಜನರೆದುರು.

“ಅಮ್ಮಾರೆ, ಮಷೀನು ನಿಲ್ಲಿಸ್ರಿ” ಎಂದೆ. ಸದ್ದು ನಿಂತಿತು. “ಈ ಕಲ್ಲು ಒಡೆದಿರಲಿಲ್ಲ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಾಕೆ ನನ್ನ ಜಂಬ ಬಿಡಲಿಲ್ಲ.”

ಆಮೇಲೆ ಆ ಊರಿನ ಕತೆಯನ್ನೆಲ್ಲ ಹೇಳಿದೆ, ಹೊಳೆ, ದೋಣಿ, ಸತ್ತ ಕೆಲಸಗಾರರು, ಒಂದೂ ಬಿಡದೆ. ಡಬ್ಬಿ ಹಿಡಿದವರು ಹಿಟ್ಟು ಮರೆತು ಕೇಳಿದರು. ಒಬ್ಬ ಅಜ್ಜಿ ಬಂದು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಸ್ತೂರಮ್ಮ ಕಮ್ಮಾರನಿಗೆ ಹೇಳಿ ಕಳಿಸಿದರು, ಅಷ್ಟೆ.

ಹೊಸ ಪಟ್ಟಿ ಬಿಗಿದ ಮೇಲೆ ಮೂರನೆಯ ದಿನ ಗೆರೆ ಹೊಡೆಯಲು ಕಲ್ಲಿನ ಮುಂದೆ ಕೂತೆ. ಉಳಿ ಇಟ್ಟೆ, ಸುತ್ತಿಗೆ ಎತ್ತಿದೆ, ಎಲ್ಲಿ ಒಡೆದೀತೋ ಎಂದು ಹೆದರಿ ಹಾಗೇ ಕೆಳಗಿಟ್ಟೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಸ್ತೂರಮ್ಮ ಆ ದಿನದ ಮೇಲೆ ನನ್ನೊಂದಿಗೆ ಮೊದಲ ಸಲ ಬಾಯಿ ಬಿಟ್ಟರು.

“ಹೊಡೀರಿ ಸಾಬ್ರೆ. ಒಡೆಯಂಗಿದ್ರೆ ನೀವು ಅಂದ ದಿನವೇ ಒಡೀತಿತ್ತು.”