ಡೋರಿಸಮ್ಮನ ಮಾತು, ರೆಹಾನಳ ಬಾಯಿ

ಸಾಲಹಳ್ಳಿಯಲ್ಲಿ ಕಟ್ಟುತ್ತಿದ್ದ ಹೊಸ ಚರ್ಚಿಗೆ ಕಲ್ಲು, ಉಸುಕು ಹೊರಲು ಕಟಕೋಳದ ಮುರ್ತುಜಾಸಾಬನ ಟೆಂಪೋ ಬಾಡಿಗೆಗೆ ಗೊತ್ತಾಗಿ ಇನ್ನೂ ವಾರ ಕಳೆದಿರಲಿಲ್ಲ, ಅವನ ಮಗಳು ರೆಹಾನಳೂ ಅದೇ ಟೆಂಪೋ ಹತ್ತಿ ಅಲ್ಲಿಗೇ ಕೆಲಸಕ್ಕೆ ಹೋಗುವಂತಾಯಿತು.

ಕರೆಯಲು ಬಂದವರು ಉಳವಪ್ಪ ಪಾಸ್ಟರ್. ಅವರ ಅಜ್ಜನ ಕಾಲಕ್ಕೇ ಕ್ರಿಸ್ತನ ಸಭೆ ಸೇರಿದ ಮನೆತನ, ಆದರೂ ಹೆಸರಿನೊಳಗಿನ ಉಳವಿ ಬಸವಣ್ಣನನ್ನು ಬಿಟ್ಟಿರಲಿಲ್ಲ. ಕೆನಡಾದ ಯಾವುದೋ ಊರಿನ ಸಭೆಯಿಂದ ಒಂದು ತಂಡ ಬರುವುದಿತ್ತು. ತಮ್ಮ ಖರ್ಚಿನಲ್ಲೇ ಬಂದು, ಎರಡು ವಾರ ಕೈಯಾರೆ ದುಡಿದು, ಚರ್ಚು ಕಟ್ಟಲು ನೆರವಾಗಿ ಹೋಗುವ ಜನ. ಅವರ ಮಾತನ್ನು ಕನ್ನಡಕ್ಕೆ ತರಬೇಕಿದ್ದ ಬೆಳಗಾವಿಯವನು ಕಾಮಣಿ ರೋಗದಿಂದ ಹಾಸಿಗೆ ಹಿಡಿದಿದ್ದ.

"ಸಾಹೇಬ್ರ, ನಿಮ್ಮ ಮಗಳು ರಾಮದುರ್ಗದಾಗ ಬಿ.ಎ. ಮಾಡ್ಯಾಳ, ಇಂಗ್ಲಿಷ್ ಚೊಲೋ ಮಾತಾಡ್ತಾಳ ಅಂತ ಕೇಳೇನಿ. ಮುಂಜಾನಿ ನಿಮ್ಮ ಗಾಡ್ಯಾಗ ಬರ್ಲಿ, ಸಂಜೀಕ ನಿಮ್ಮ ಗಾಡ್ಯಾಗ ಹೋಗ್ಲಿ. ನಮ್ಮ ಮನಿ ಮಗಳಂಗ ನೋಡ್ಕೋತೇವಿ."

ಒಳಗಿನಿಂದ ರೆಹಾನಳ ತಾಯಿ ಗೌಸಬಿಯ ದನಿ ಬಂತು. "ಬಕ್ರೀದ್ ಆದ ಮ್ಯಾಲ ನಿಕಾ ಐತ್ರಿ. ಈಗ ಹುಡುಗಿ ಹಿಂಗ ತಿರಗೂದು ಚಂದ ಕಾಣಂಗಿಲ್ಲ."

ವರ ಸವದತ್ತಿಯವನು, ಸಾಜಿದ್. ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಮಾತು ಮುಗಿಸಿದವರು ಎರಡೂ ಕಡೆಯ ಹಿರಿಯರು. ರೆಹಾನ ಅವನ ಫೋಟೋ ಮಾತ್ರ ನೋಡಿದ್ದಳು, ಹುಡುಗ ಕಾಣಲು ಚೆನ್ನಾಗಿಯೇ ಇದ್ದ. ನಿನಗೆ ಒಪ್ಪಿಗೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಇಲ್ಲ ಅನ್ನಲು ಅವಳ ಹತ್ತಿರ ಕಾರಣವಿರಲಿಲ್ಲ. ಆದರೆ ಮಾತು ಮುಗಿದ ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಸ ಹೊಡೆಯಲು ಶುರು ಮಾಡಿ ಅರ್ಧಕ್ಕೇ ಕಸಬರಿಗೆ ಬಿಟ್ಟು ಬಾಗಿಲಿಗೆ ಬರುವಳು. ರಸ್ತೆಯ ಮೇಲೆ ರಾಮದುರ್ಗದ ಬಸ್ಸು ಹೋದರೆ ಅದನ್ನು ನೋಡುವಳು, ಯರಗಟ್ಟಿಯ ಬಸ್ಸು ಬಂದರೆ ಅದನ್ನೂ ನೋಡುವಳು. ಎಲ್ಲಿಗೆ ಹೋಗಬೇಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಮಗಳ ಈ ಪರದಾಟ ಮುರ್ತುಜಾಸಾಬನ ಕಣ್ಣಿಗೆ ಬಿದ್ದಿತ್ತು. "ಹೋಗಿ ಬರ್ಲಿ ಬಿಡ. ನಾನೂ ಅಲ್ಲೇ ಇರ್ತೇನಿ" ಅಂದ. ಅಲ್ಲಿಗೆ ಮಾತು ಮುಗಿಯಿತು.

ತಂಡದಲ್ಲಿದ್ದವರು ನಿವೃತ್ತ ಮಾಸ್ತರರು, ಬಡಿಗರು, ಒಬ್ಬ ನರ್ಸು, ಎಲ್ಲ ವಯಸ್ಸಾದವರೇ. ಫೆಬ್ರುವರಿಯ ಬಿಸಿಲಿಗೇ ಅವರ ಮೂಗು, ಕಿವಿ ಕೆಂಪು ಮೆಣಸಿನಕಾಯಿ ಆಗಿದ್ದವು. ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುವರು, ಗೌಂಡಿ ಶಂಕ್ರೆಪ್ಪನ ಕಾಲಬುಡಕ್ಕೆ ಸಿಮೆಂಟಿನ ಬುಟ್ಟಿ ತಂದಿಟ್ಟು "ಓಕೆ?" ಎಂದು ಮಗುವಿನಂತೆ ಅವನ ಮುಖ ನೋಡುವರು. ಶಂಕ್ರೆಪ್ಪ "ಓಕೆ, ಓಕೆ" ಎಂದು ನಗುವನು. ರೆಹಾನ ಅಲ್ಲಿಂದಿಲ್ಲಿಗೆ ಓಡಾಡುತ್ತ ನೀರು ಎಲ್ಲಿ, ಊಟ ಯಾವಾಗ, ಈ ಕಲ್ಲು ಆ ಮೂಲೆಗೋ ಈ ಮೂಲೆಗೋ ಎಂಬುದನ್ನೆಲ್ಲ ದಾಟಿಸುತ್ತಿದ್ದಳು. ಕಾಲಿಗೆ ಬಿಡುವಿರಲಿಲ್ಲ, ಅದೇ ಅವಳಿಗೆ ಬೇಕಾಗಿತ್ತು.

ಒಂದು ಮಧ್ಯಾಹ್ನ ನೀರು ತುಂಬುತ್ತಿದ್ದ ಬೀರವ್ವ ಅವಳನ್ನು ತಡೆದು ನಿಲ್ಲಿಸಿದಳು. ಸಭೆಗೆ ಹೊಸದಾಗಿ ಸೇರಿದ ಹೆಂಗಸು ಅವಳು.

"ಯವ್ವಾ, ಇವ್ರಿಗೆ ಪಗಾರ ಯಾರ್ ಕೊಡ್ತಾರ?"

"ಯಾರೂ ಇಲ್ಲ. ತಾವ ರೊಕ್ಕ ಹಾಕ್ಕೊಂಡ ಬಂದಾರ."

"ಮತ್ತ ಇವ್ರಿಗೆ ಬೇಕಾಗಿದ್ದು ಏನಬೇ?"

ರೆಹಾನ ಅದನ್ನು ತಂಡದ ಹಿರಿಯಳಾದ ಡೋರಿಸಳಿಗೆ ಕೇಳಬೇಕೆಂದುಕೊಂಡಳು. ಊರವರ ಬಾಯಲ್ಲಿ ಆಗಲೇ ಡೋರಿಸಮ್ಮ ಆಗಿದ್ದ ದಪ್ಪ ದೇಹದ, ಬೆಳ್ಳಿಗೂದಲಿನ ಹೆಂಗಸು. ಅವಳ ಎದುರು ಹೋಗಿ ನಿಂತಾಗ ಮಾತ್ರ ಪ್ರಶ್ನೆ ಬಾಯಿಗೆ ಬರಲಿಲ್ಲ. ನಿನಗೆ ಬೇಕಾಗಿದ್ದೇನು ಎಂದು ಅವಳು ತಿರುಗಿ ಕೇಳಿಬಿಟ್ಟರೆ ಎಂಬ ಅಂಜಿಕೆ ಎಲ್ಲಿಂದಲೋ ಬಂದು ಕೂತಿತು.

ಶುಕ್ರವಾರ ಹೊತ್ತು ಮುಳುಗುವ ಮುಂಚೆ ಕಟ್ಟಡದ ಪಕ್ಕದಲ್ಲಿ ಸಭೆಯಾಯಿತು. ಊರಿನ ಬಹಳ ಜನ ನೋಡಲೆಂದೇ ಬಂದಿದ್ದರು. ಡೋರಿಸಮ್ಮ ತನ್ನ ಬದುಕಿನ ಕಥೆ ಹೇಳಲು ಎದ್ದಳು. ರೆಹಾನ ಪಕ್ಕದಲ್ಲಿ ನಿಂತು ಪ್ರತಿ ಮಾತಿಗೂ "ಅವ್ರು ಹೇಳ್ತಾರ..." ಎಂದು ಶುರು ಮಾಡಿ ಕನ್ನಡ ಮಾಡುತ್ತಿದ್ದಳು. ಹಿಮದ ಊರು, ದನದ ಕೊಟ್ಟಿಗೆ, ಹೊಡೆಯುವ ಅಪ್ಪ. ಅಲ್ಲಿಯತನಕ ಎಲ್ಲವೂ ಸರಳವಾಗಿ ಸಾಗಿತು.

"ನಾನು ಹುಟ್ಟಿದಾಗಿನಿಂದ ಎಲ್ಲದಕ್ಕೂ ಹೂಂ ಅಂದವಳು" ಅಂದಳು ಡೋರಿಸಮ್ಮ. "ಅಪ್ಪನಿಗೆ ಹೂಂ, ಗಂಡನಿಗೆ ಹೂಂ. ನಿನಗೇನು ಬೇಕು ಎಂದು ಯಾರೂ ಕೇಳಲಿಲ್ಲ. ಕೊನೆಗೆ ಅದು ನನಗೇ ಗೊತ್ತಿಲ್ಲದಂತಾಯಿತು."

ರೆಹಾನ ಬಾಯಿ ತೆರೆದಳು. "ಅವ್ರು ಹೇಳ್ತಾರ" ಎಂಬುದು ಬರಲೇ ಇಲ್ಲ.

"ಎಲ್ಲಾದಕ್ಕೂ ಹೂಂ ಅಂದಕಿ ನಾ. ನಿಂಗ ಏನ್ ಬೇಕವಾ ಅಂತ ನನ್ನ ಯಾರೂ ಕೇಳ್ಲಿಲ್ಲ. ಕಡೀಕ ನಂಗೂ ಅದು ತಿಳೀದಂಗ ಆತು."

ದನಿ ಒಡೆಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರೂ ನಿಲ್ಲಲಿಲ್ಲ. ಡೋರಿಸಮ್ಮ ಮುಂದುವರಿದಳು, ಹಿಂದೆ ಹಿಂದೆ ರೆಹಾನಳೂ ಸಾಗಿದಳು. ಒಂದು ದಿನ ಅಡುಗೆಮನೆಯ ನೆಲದ ಮೇಲೆ ಮೊಣಕಾಲೂರಿದ್ದು, ಅತ್ತಿದ್ದು, ಪ್ರಾರ್ಥಿಸಿದ್ದು ಎಲ್ಲವೂ ಬಂತು. "ಅವತ್ತ ನನ್ನ ಜೀವಾ ಯೇಸುವಿನ ಕೈಯಾಗ ಕೊಟ್ನಿ" ಎಂಬ ಮಾತನ್ನೂ ರೆಹಾನ ಬಿಕ್ಕುತ್ತಲೇ ಹೇಳಿದಳು. ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಭೆ ಮುಗಿದಾಗ ಬೀರವ್ವ ಎದ್ದು ಬಂದು ಕೈ ಹಿಡಿದುಕೊಂಡಿದ್ದು ಡೋರಿಸಮ್ಮನದಲ್ಲ, ರೆಹಾನಳದು.

ಮರುದಿನ ಕಟಕೋಳದ ಚಾದಂಗಡಿಯಲ್ಲಿ ಮುರ್ತುಜಾಸಾಬನ ಮಗಳು ಯೇಸುವನ್ನು ಹಿಡಿದಳೆಂಬ ಸುದ್ದಿ ಚಹಾಕ್ಕಿಂತ ಬಿಸಿಯಾಗಿತ್ತು. ಸುದ್ದಿಗೆ ಬಸ್ಸು ಬೇಕಾಗಲಿಲ್ಲ, ಮಧ್ಯಾಹ್ನದೊಳಗೆ ಸವದತ್ತಿ ಮುಟ್ಟಿತು. ಸಾಜಿದನ ಅಣ್ಣ ಎಸ್‌ಟಿಡಿ ಅಂಗಡಿಗೆ ಫೋನು ಮಾಡಿ ಹೇಳಿ ಕಳಿಸಿದ. ಹುಡುಗಿ ಆ ಕೆಲಸ ಬಿಡಬೇಕು, ತಾನು ತನ್ನ ಧರ್ಮ, ದೀನ್ ಬಿಟ್ಟಿಲ್ಲವೆಂದು ಮಸೀದಿಯ ಜಮಾತಿನ ಹಿರಿಯರ ಮುಂದೆ ಹೇಳಬೇಕು, ಹಾಗಾದರೆ ಮಾತ್ರ ನಿಕಾ.

ಗೌಸಬಿ ಹಣೆ ಹಣೆ ಬಡಿದುಕೊಂಡಳು. "ನಾಳಿಂದ ಹೊಸ್ತಿಲಾ ದಾಟಿದ್ರ ನೋಡು!"

"ಮಾತು ಕೊಟ್ಟೇನಿ" ಅಂದ ಮುರ್ತುಜಾಸಾಬ. "ಅವ್ರು ಹೋಗೂತನಕ ಬರ್ತಾಳ. ಜಮಾತಿನ್ದು ಆಮ್ಯಾಲ ನೋಡೂಣು."

ಆದರೆ ಸೋಮವಾರ ಟೆಂಪೋದಲ್ಲಿ ಅವನೇ ಶುಕ್ರವಾರದ ಮಾತೆತ್ತಿದ. ಮನೆಯಲ್ಲಿ ಉರ್ದು, ಕನ್ನಡ ಎರಡೂ ಆಡುತ್ತಿದ್ದರೂ ಸ್ಟೇರಿಂಗ್ ಹಿಡಿದರೆ ಅವನಿಗೆ ಕನ್ನಡವೇ ಬರುವುದು.

"ಅಬ್ಬಾಜಿ, ಅದು ಅವ್ರ ಮಾತು. ನಾ ಕನ್ನಡ ಮಾಡೇನಿ, ಅಷ್ಟ" ಅಂದಳು ರೆಹಾನ.

"ಗೊತ್ತೈತಿ ಬೇಟಿ. ಗಾಡಿಗೆ ಒರಗಿ ನಿಂತು ನಾನೂ ಕೇಳೇನಿ. ಮಾತು ಅಕಿದು. ಅಳು ಯಾರ್ದು?"

ರೆಹಾನ ಕಿಟಕಿಯ ಹೊರಗೆ ನೋಡಿದಳು. ಕಿತ್ತ ಜೋಳದ ಹೊಲಗಳು ಹಿಂದಕ್ಕೆ ಓಡುತ್ತಿದ್ದವು.

ಅಂದು ಊಟದ ಹೊತ್ತಿಗೆ ಬೇವಿನ ನೆರಳಲ್ಲಿ ತಂಡದವನೊಬ್ಬ ವಿಡಿಯೋ ಕ್ಯಾಮೆರಾ ಹಿಡಿದಿದ್ದ. ಡೋರಿಸಮ್ಮ ರೆಹಾನಳ ಹೆಗಲ ಮೇಲೆ ಕೈ ಹಾಕಿ ಹತ್ತಿರ ಎಳೆದುಕೊಂಡು ಕ್ಯಾಮೆರಾದ ಕಡೆ ತಿರುಗಿ ಹೇಳತೊಡಗಿದಳು. "ಇವಳು ರೆಹಾನ. ಬೇರೆ ಧರ್ಮದ ಮನೆಯಲ್ಲಿ ಹುಟ್ಟಿದವಳು. ಶುಕ್ರವಾರ ಸಂಜೆ ದೇವರು ಇವಳ ಹೃದಯವನ್ನು ಮುಟ್ಟಿದ. ನನ್ನ ಕಣ್ಣಾರೆ ಕಂಡೆ."

ಈ ಮಾತನ್ನು ಯಾರಿಗೂ ಕನ್ನಡ ಮಾಡಿ ಹೇಳಬೇಕಾಗಿರಲಿಲ್ಲ. ಕಟಕೋಳದ ಚಾದಂಗಡಿಯೂ ಇದನ್ನೇ ಹೇಳುತ್ತಿತ್ತು, ಇವರೂ ಇದನ್ನೇ ಹೇಳುತ್ತಿದ್ದಾರೆ. ಅವರು ಬೈಯುತ್ತ, ಇವರು ಅಪ್ಪಿಕೊಂಡು.

"ಅದು ಹಾಗಲ್ಲ" ಅಂದಳು ಇಂಗ್ಲಿಷಿನಲ್ಲಿ. "ದಯವಿಟ್ಟು ಕ್ಯಾಮೆರಾ ನಿಲ್ಲಿಸಿ."

ಕ್ಯಾಮೆರಾದವನು ಕೈ ಇಳಿಸಿ ದೂರ ಹೋದ. ಡೋರಿಸಮ್ಮನ ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. "ನೀನು ಅಂದು ಅತ್ತಿದ್ದೆಯಲ್ಲ, ಮಗು?"

"ಅತ್ತಿದ್ದೆ. ನಿಮ್ಮ ದೇವರಿಗಾಗಿ ಅಲ್ಲ. ನನ್ನ ದೇವರು ನನಗಿದ್ದಾನೆ."

"ಮತ್ತೆ ಯಾಕೆ ಅತ್ತೆ?"

ಅಪ್ಪ ಕೇಳಿದಾಗ ಬಾರದ ಉತ್ತರ ಬೇರೆಯವರ ಭಾಷೆಯಲ್ಲಿ ಹೊರಗೆ ಬಂತು. ಸವದತ್ತಿಯ ಫೋಟೋ, ಬಾಗಿಲಲ್ಲಿ ನಿಲ್ಲುವುದು, ಬಸ್ಸುಗಳು. ಕಾಲೇಜು ಬಿಟ್ಟ ಮೇಲೆ ತನ್ನೊಳಗೆ ಏನೋ ಒಂದು ಹಗಲೆಲ್ಲ ಅತ್ತಿಂದಿತ್ತ ಸುಳಿದಾಡುವುದು. ಅದಕ್ಕೆ ಏನು ಬೇಕೆಂದು ತನಗೇ ತಿಳಿಯದಿರುವುದು. ಹೇಳುತ್ತ ಹೇಳುತ್ತ ಎರಡು ಸಲ ಎದ್ದು ನಿಂತು ಮತ್ತೆ ಕೂತಳು.

ಡೋರಿಸಮ್ಮ ಒಂದು ಕಲ್ಲಿನ ಮೇಲೆ ಕುಸಿದು ಕೂತಳು. "ನಾನು ಅವತ್ತೇ ಊರಿಗೆ ಫೋನು ಮಾಡಿ ಹೇಳಿಬಿಟ್ಟೆ" ಅಂದಳು. "ನಮ್ಮ ಸಭೆಯವರೆಲ್ಲ ನಿನ್ನ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದಾರೆ."

"ಪ್ರಾರ್ಥಿಸಲಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ಕಥೆಯನ್ನು ಹೇಳಬೇಡಿ. ಅದೇನೆಂದು ನನಗೇ ಇನ್ನೂ ಗೊತ್ತಿಲ್ಲ."

ಅಂದು ಸಂಜೆಯತನಕ ಡೋರಿಸಮ್ಮ ಅವಳತ್ತ ನೋಡದೆ ಬುಟ್ಟಿ ಹೊತ್ತಳು. ಮರುದಿನ ಬೆಳಿಗ್ಗೆ ಬಂದವಳು ಟೆಂಪೋದ ಹತ್ತಿರವೇ ಕಾಯುತ್ತ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು. "ನಾನು ತಪ್ಪು ತಿಳಿದಿದ್ದೆ ಎಂದು ಫೋನಿನಲ್ಲಿ ಹೇಳಿದೆ. ಅವರಿಗೆ ಬೇಸರವಾಯಿತು. ನನಗೂ ಆಯಿತು" ಎಂದಷ್ಟೇ ಹೇಳಿ ಕಲ್ಲಿನ ಸಾಲಿಗೆ ಹೋಗಿ ಸೇರಿಕೊಂಡಳು.

ತಂಡ ಹೊರಡುವ ಹಿಂದಿನ ದಿನ ಸಾಜಿದ್ ಮತ್ತು ಅವನ ಅಣ್ಣ ಮೋಟರ್‌ಸೈಕಲ್ ಮೇಲೆ ಸೀದಾ ಕಟ್ಟಡದ ಹತ್ತಿರ ಬಂದರು. ಅಣ್ಣ ಇಳಿಯುತ್ತಲೇ ದನಿ ಏರಿಸಿದ. ಉಳವಪ್ಪ ಪಾಸ್ಟರ್ ಅಡ್ಡ ಬಂದು, ಈ ಹುಡುಗಿ ತಮ್ಮ ಸಭೆಗೆ ಸೇರಿಲ್ಲ, ಇಂಗ್ಲಿಷನ್ನು ಕನ್ನಡ ಮಾಡಿದಳಷ್ಟೇ, ಬೇಕಾದರೆ ಬೈಬಲ್ ಮುಟ್ಟಿ ಹೇಳುತ್ತೇನೆ ಅಂದರು. ಮುರ್ತುಜಾಸಾಬನೂ ಅದನ್ನೇ ಹೇಳಿದ. ಅಣ್ಣನ ಬಿಸಿ ನಿಧಾನಕ್ಕೆ ಇಳಿಯಿತು.

"ಆತ್ರಿ. ನಮಗೂ ಹಟಾ ಇಲ್ಲ. ಜಮಾತಿನ ಮುಂದ ಒಂದ್ ಮಾತು ಹೇಳಿಬಿಡ್ಲಿ, ಮುಗೀತು."

ಸಾಜಿದ್ ಅಲ್ಲಿಯವರೆಗೆ ಕಂಬದ ಕಬ್ಬಿಣದ ಸರಳುಗಳನ್ನು ನೋಡುತ್ತ ನಿಂತಿದ್ದ. ಫೋಟೋದಲ್ಲಿ ಕಂಡಷ್ಟು ಎತ್ತರವಿರಲಿಲ್ಲ, ಹುಬ್ಬಿನ ಮೇಲೆ ವೆಲ್ಡಿಂಗ್ ಕಿಡಿಯ ಕಲೆಯಿತ್ತು. ಅವನು ತಿರುಗಿ ರೆಹಾನಳನ್ನೇ ಕೇಳಿದ.

"ನೀವ ಹೇಳ್ರಿ. ಏನಿದು?"

ಒಂದೇ ಮಾತು ಸಾಕಾಗಿತ್ತು. ಎಲ್ಲರೂ ಅದನ್ನು ಅವಳ ಕೈಗೇ ತಂದಿಟ್ಟಿದ್ದರು.

"ನಾ ದೀನ್ ಬಿಟ್ಟಿಲ್ರಿ, ಬಿಡೂದೂ ಇಲ್ಲ. ಅದನ್ನ ಯಾರ ಮುಂದ ಬೇಕಾದ್ರೂ ಹೇಳ್ತೇನಿ. ಆದ್ರ ಅದನ್ನ ಹೇಳಿದ ಕೂಡ್ಲೆ ನಿಕಾ ಅಂತೀರಿ. ಅದು ನಂಗ ಈಗ ಬ್ಯಾಡ."

ಮುರ್ತುಜಾಸಾಬ ಟೆಂಪೋದ ಬಾಗಿಲು ಹಿಡಿದುಕೊಂಡ. ಅಣ್ಣ "ನೋಡ್ದಿ? ನಾ ಹೇಳಿದ್ನಿಲ್ಲ?" ಎಂದು ಕೂಗಾಡಿದ. ಸಾಜಿದ್ ಕೈ ಎತ್ತಿ ಅವನನ್ನು ತಡೆದ.

"ನಿಕಾ ಬ್ಯಾಡೋ, ನಾ ಬ್ಯಾಡೋ?"

"ನಿಮ್ಮನ್ನ ನಾ ನೋಡಿದ್ದ ಇವತ್ತ್ರೀ. ಬ್ಯಾಡ ಅನ್ನಾಕ ನೀವು ಯಾರಂತ ಗೊತ್ತರ ಇರಬೇಕಲ್ರಿ."

ಅವನ ಮುಖದ ಮೇಲೆ ಏನೋ ಸುಳಿದು ಹೋಯಿತು, ನಗುವೋ ನೋವೋ. "ನನ್ನೂ ಯಾರೂ ಕೇಳಿದ್ದಿಲ್ಲ ಬಿಡ್ರಿ" ಅಂದ. ಆಮೇಲೆ ಗಾಡಿ ಚಾಲು ಮಾಡಿ, ಇನ್ನೂ ಮಾತಾಡುತ್ತಿದ್ದ ಅಣ್ಣನನ್ನು ಹಿಂದೆ ಕೂರಿಸಿಕೊಂಡು ಹೋದ.

ತಂಡ ಹೊರಟಾಗ ಗೋಡೆ ಬಾಗಿಲೆತ್ತರಕ್ಕಷ್ಟೇ ಬಂದಿತ್ತು. ಅವರ ರಜೆ ಮುಗಿದಿತ್ತು, ಕೆಲಸ ಮುಗಿದಿರಲಿಲ್ಲ. ಡೋರಿಸಮ್ಮ ರೆಹಾನಳ ಎರಡೂ ಕೈ ಹಿಡಿದು ಅದುಮಿದಳು, ಆಮೇಲೆ ಜೀಪು ಹತ್ತಿದಳು. ಉಳಿದ ಗೋಡೆ, ಮೇಲಿನ ಸ್ಲ್ಯಾಬು ಎಲ್ಲವನ್ನೂ ಶಂಕ್ರೆಪ್ಪ ಮತ್ತು ಸಭೆಯವರು ಸುಗ್ಗಿ, ಬಿತ್ತನೆಯ ನಡುವೆ ಬಿಡುವಾದಾಗಲೆಲ್ಲ ಮಾಡುತ್ತ ಹೋದರು.

ರೆಹಾನ ಜಮಾತಿನ ಹಿರಿಯರ ಮುಂದೆ ಹೋಗಿ ಹೇಳಬೇಕಾದ್ದನ್ನು ಹೇಳಿ ಬಂದಳು. ಅವರು ಒಪ್ಪಿದರು. ಸವದತ್ತಿಯವರು ಮಳೆಗಾಲದೊಳಗೆ ಬೇರೆ ಸಂಬಂಧ ನೋಡಿಕೊಂಡರು. ಗೌಸಬಿ ಮಗಳ ಜೊತೆ ಮಾತು ಬಿಟ್ಟಳು. ರೊಟ್ಟಿಯ ತಟ್ಟೆಯನ್ನು ಅವಳ ಮುಂದೆ ಸರಿಸುವಾಗಲೂ ಗೋಡೆಯನ್ನೇ ನೋಡುವಳು. ಮನೆಯೊಳಗೆ ಇಬ್ಬರೂ ಒಬ್ಬರನ್ನೊಬ್ಬರು ತಪ್ಪಿಸುತ್ತ ತಿರುಗಾಡಿದರು. ಧಾರವಾಡದಲ್ಲಿ ಬಿ.ಎಡ್. ಮಾಡುತ್ತೇನೆಂದು ರೆಹಾನ ಹೇಳಿದಾಗ ಮುರ್ತುಜಾಸಾಬ "ಹೂಂ" ಅಂದ.

ಧಾರವಾಡಕ್ಕೆ ಹೊರಡುವ ದಿನ ಗೌಸಬಿ ಬುರ್ಖಾ ತೊಟ್ಟು ಹೊರಗೆ ಬಂದು ನಿಂತಳು. "ಯರಗಟ್ಟಿತನಕ ಬರ್ತೇನಿ. ಅಲ್ಲಿ ನಮ್ಮ ತಂಗಿ ಮನಿಗೆ ಹೋಗೂದೈತಿ" ಎಂದು ಗಂಡನಿಗೆ ಹೇಳಿದಳು, ಮಗಳಿಗಲ್ಲ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಬಹಳ ದೂರ ಹೋದ ಮೇಲೆ ತಾಯಿ ಕೇಳಿದಳು.

"ಅಲ್ಲಿಗೆ ಹೋದ್ರ ನಿಂಗ ಸಮಾಧಾನ ಆಗತೈತೇನ?"

"ಗೊತ್ತಿಲ್ಲಮ್ಮಿ. ಇಲ್ಲಂತೂ ಆಗ್ಲಿಲ್ಲ."

ಯರಗಟ್ಟಿ ಬಂತು. ಮಂದಿ ಇಳಿದರು, ಹತ್ತಿದರು. ಕಂಡಕ್ಟರ್ ಬಂದು "ಯರಗಟ್ಟಿ, ಇಳೀರಿ ಅವ್ವಾರ" ಅಂದ. ಗೌಸಬಿ ಎದ್ದಳು, ಕಿಟಕಿಯಾಚೆ ತಂಗಿಯ ಓಣಿಯ ಕಡೆಗೆ ಒಮ್ಮೆ ನೋಡಿದಳು, ಮತ್ತೆ ಕೂತಳು.

"ಧಾರವಾಡಕ್ಕ ಇನ್ನೊಂದು ಟಿಕೇಟ್ ಕೊಡ್ರಿ" ಅಂದಳು ಕಂಡಕ್ಟರನಿಗೆ. ಆಮೇಲೆ ಮಗಳ ಕಡೆ ನೋಡದೆಯೇ, "ನಾನೂ ನೋಡಿಲ್ಲ ಆ ಊರಾ" ಅಂದಳು.