ಗೋಡೆ ಚೆನ್ನಾಗಿ ಬಂದಿದೆ

ನಮ್ಮ ವಿಡಿಯೊ ಅಂಗಡಿಯ ಯಜಮಾನನಿಗೆ ನಾವಿಟ್ಟ ಹೆಸರು ತಕ್ಕಡಿ. ಆತ ಎದುರಿಗಿಲ್ಲದಾಗ ಅದರ ಮುಂದೆ ‘ಬೆಪ್ಪು’ ಸೇರಿಸುತ್ತಿದ್ದೆವು. ಎಲ್ಲದರಲ್ಲೂ ಸಮಪಾಲು ಎನ್ನುವ ಮಹಾನುಭಾವ. ಬೆವರು ಸುರಿಸುವವನಿಗೂ ಆಕಳಿಸುವವನಿಗೂ ಅವನ ಹತ್ತಿರ ಒಂದೇ ಮರ್ಯಾದೆ. ಆಕಳಿಸುವವನು ಅವನ ಭಾವಮೈದ ಎಂಬುದು ಬೇರೆ ಮಾತು.

ಒಂದು ಬೆಳಿಗ್ಗೆ ನರ್ಸೊಬ್ಬಳು ಕ್ಯಾಮೆರಾದ ಮೆಮೊರಿ ಕಾರ್ಡ್ ತಂದಳು.

“ನಮ್ಮಮ್ಮಂದು. ತೀರಿಕೊಳ್ಳೋಕೆ ಎರಡು ದಿನ ಮುಂಚೆ ಚಿಕ್ಕಮ್ಮ ತೆಗೆದಿದ್ದು. ಅಮ್ಮಂಗೆ ಕಿವಿ ಕೇಳ್ತಿರ್ಲಿಲ್ಲ, ಕೈಯಲ್ಲೇ ಮಾತಾಡೋಳು. ಚಿಕ್ಕಮ್ಮಂಗೆ ಆ ಭಾಷೆ ಬರಲ್ಲ. ಅಮ್ಮ ನಂಗೇನೋ ಹೇಳಿದಾಳಂತೆ. ನಾನಿನ್ನೂ ನೋಡಿಲ್ಲ, ಧೈರ್ಯ ಬಂದಿಲ್ಲ. ನನ್ನ ಫೋನಿಗೆ ಹಿಡಿಯೋ ಹಾಗೆ ಚಿಕ್ಕದು ಮಾಡ್ಕೊಡಿ.”

ಹಾಕಿ ನೋಡಿದೆ. ನಲವತ್ತು ನಿಮಿಷ. ಬಿಳಿ ಗೋಡೆ, ದಿಂಬಿಗೊರಗಿದ ಹೆಂಗಸು. ಮೂವತ್ತೆಂಟು ನಿಮಿಷ ಆಕೆ ಅಲುಗಾಡಲೇ ಇಲ್ಲ. ಆಮೇಲೆ ಕೈಗಳು ಎದ್ದವು ನೋಡಿ, ಅಬ್ಬಾ, ಅದೇನು ವೇಗ! ನನಗೆ ಒಂದೂ ಅರ್ಥವಾಗಲಿಲ್ಲ, ಆದರೆ ನಡುನಡುವೆ ಒಂದು ಸನ್ನೆ ಮತ್ತೆ ಮತ್ತೆ ಬರುತ್ತಿತ್ತು: ತೋರುಬೆರಳಿಂದ ಎಡಹುಬ್ಬಿನ ಮೇಲೆ ಎರಡು ಸಲ ತಟ್ಟುವುದು.

“ಯಜಮಾನ್ರೇ, ಇದಕ್ಕೆ ಬದಲಾಗೋ ಬಿಟ್‌ರೇಟ್ ಇಡೋಣ. ಸುಮ್ನೆ ಕೂತಿರೋ ಕಡೆ ಸ್ವಲ್ಪ ಡೇಟಾ ಸಾಕು, ಉಳಿದಿದ್ದೆಲ್ಲ ಕೈ ಆಡೋ ಕಡೆ ಹೋಗುತ್ತೆ. ಫೈಲ್ ಅಷ್ಟೇ ಚಿಕ್ಕದಿರುತ್ತೆ.”

“ಸ್ಥಿರ ಬಿಟ್‌ರೇಟೇ ಇಡು. ಪ್ರತಿ ಸೆಕೆಂಡಿಗೂ ಒಂದೇ ಪಾಲು. ಒಂದು ಸೆಕೆಂಡು ಮೇಲು, ಇನ್ನೊಂದು ಕೀಳಾ? ನನ್ನ ಅಂಗಡೀಲಿ ಪಕ್ಷಪಾತ ನಡೆಯಲ್ಲ.”

ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು. ಆಮೇಲೆ ನಾನೂ ಬಾಲ ಮುದುರಿಕೊಂಡು, ಆತ ಹೇಳಿದ ಹಾಗೇ ಗುಂಡಿ ಒತ್ತಿದೆ.

ಗಿರಾಕಿಯ ಕಾರ್ಡನ್ನು ಪೂರ್ತಿ ಅಳಿಸಿ, ಚಿಕ್ಕದಾದ ಫೈಲು ಹಾಕಿ, ಉಳಿದ ಜಾಗದ ತುಂಬ ಅಂಗಡಿಯ ಜಾಹೀರಾತು ತುರುಕಿ ಕೊಡುವುದು ತಕ್ಕಡಿಯ ಉಪಚಾರ. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅದು ಮುಗಿದಿತ್ತು. ನಮ್ಮ ಕಂಪ್ಯೂಟರಿನಲ್ಲಿದ್ದ ಮೂಲ ಪ್ರತಿಯನ್ನೂ ಅಳಿಸಿದ್ದ. ಅಲ್ಲೂ ಸಮಪಾಲು.

ಮರುದಿನ ಆಕೆ ಬಂದು ಫೋನನ್ನು ಮೇಜಿನ ಮೇಲಿಟ್ಟಳು. ಧೈರ್ಯ ಮಾಡಿ ನೋಡಿದ್ದಳು. ಕೈಗಳೆದ್ದ ಕ್ಷಣದಿಂದ ಬರೀ ಚೌಕ ಚೌಕ, ಬೂದು ಕಲಸುಮೇಲೋಗರ.

ತಕ್ಕಡಿ ಬಗ್ಗಿ ನೋಡಿದ. “ಗೋಡೆ ಎಷ್ಟು ಚೆನ್ನಾಗಿ ಬಂದಿದೆ ನೋಡಮ್ಮ! ಸುಣ್ಣದ ಬಿರುಕು ಕೂಡ ಎಣಿಸಬಹುದು.”

“ನಮ್ಮಮ್ಮ ಗೋಡೇನಾ, ಸಾರ್?”

ಥೂ, ಅವನ ಜನ್ಮಕ್ಕಿಷ್ಟು. ನನ್ನದಕ್ಕೂ. ನಾನು ಮೇಜು ಬಳಸಿಕೊಂಡು ಆಕೆಯ ಎದುರು ಹೋಗಿ ನಿಂತೆ.

“ಅಕ್ಕಾ, ನಾನು ಒಂದು ಸಲ ನೋಡಿದ್ದೆ. ಇದನ್ನ ಪದೇ ಪದೇ ಮಾಡ್ತಿದ್ರು,” ಎಂದು ಎಡಹುಬ್ಬಿನ ಮೇಲೆ ಬೆರಳಿಂದ ಎರಡು ಸಲ ತಟ್ಟಿದೆ.

ಆಕೆಯ ಕೈ ತನ್ನ ಎಡಹುಬ್ಬಿಗೆ ಹೋಯಿತು. ಅಲ್ಲೊಂದು ಹಳೆಯ ಗಾಯದ ಗುರುತಿತ್ತು.

“ಅದು ನನ್ನ ಹೆಸರು. ಅಮ್ಮ ಇಟ್ಟಿದ್ದು,” ಅಂದಳು. ಮೊದಲ ಬಾರಿಗೆ ಅವಳ ಮುಖ ಅರಳಿತು. “ಹ್ಞಾಂ, ಹೇಳಿ. ನನ್ನ ಕರೆದು ಆಮೇಲೆ ಏನಂದ್ಳು?”

ನನ್ನ ಬೆರಳು ಹುಬ್ಬಿನ ಮೇಲೆಯೇ ನಿಂತುಬಿಟ್ಟಿತು.