ಪೈಪ್ ಸಾಹುಕಾರರ ಮಂತ್ರಿಗಿರಿ

ಊರಿಗೆಲ್ಲ ಅವರು ಪೈಪ್ ಸಾಹುಕಾರರು. ಪೈಪು, ನಲ್ಲಿ, ಮೊಳೆ, ಚಿಲಕ ಮಾರುವ ಅಂಗಡಿ. 'ಇಲ್ಲ' ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಕೇಳಿರಲಿಲ್ಲ. ಅರ್ಧ ಇಂಚಿನ ನಲ್ಲಿ ಕೇಳಿದವನಿಗೆ ಮುಕ್ಕಾಲು ಇಂಚಿನದನ್ನು ಕೊಟ್ಟು, "ಇದು ಅದಕ್ಕಿಂತ ದೊಡ್ಡದು, ಸ್ವಾಮಿ" ಎಂದು ಕೈಮುಗಿಯುತ್ತಿದ್ದರು. ಹಾಗೆ ಹೋದವನು ಜಗಳಕ್ಕೆ ವಾಪಸು ಬಂದಾಗ ಕೌಂಟರಿನಲ್ಲಿ ಸಿಗುತ್ತಿದ್ದವಳು ಹೆಂಡತಿ.

ಇಂಥ ಪ್ರತಿಭೆ ಊರಲ್ಲೇ ಕೊಳೆಯಬಾರದೆಂದೋ ಏನೋ, ಪಾರ್ಟಿಯ ಎರಡು ಬಣದವರು ಟಿಕೆಟ್ಟಿಗಾಗಿ ಜುಟ್ಟು ಹಿಡಿದು ಕಿತ್ತಾಡಿ, ಕೊನೆಗೆ ಯಾರಿಗೂ ಕೆಡುಕು ಮಾಡಲಾರದ ಸಾಹುಕಾರರನ್ನೇ ಚುನಾವಣೆಗೆ ನಿಲ್ಲಿಸಿದರು. ಗೆದ್ದರು. ರಾಜಧಾನಿಯಲ್ಲಿ ಐದು ವರ್ಷ ಕೊನೆಯ ಬೆಂಚಿನಲ್ಲಿ ಕೂತು, ಯಾರು ಏನೇ ಹೇಳಿದರೂ ತಲೆಯಾಡಿಸಿದರು. ಇಷ್ಟು ಆಳವಾದ ಚಿಂತನೆಯನ್ನು ಮೆಚ್ಚಿ ಪಾರ್ಟಿಯ ದೊಡ್ಡವರು, ಎರಡನೇ ಸಲ ಗೆದ್ದಾಗ ಇಡೀ ದೇಶದ ಕುಡಿಯುವ ನೀರಿನ ಖಾತೆಯನ್ನೇ ಕೊಟ್ಟರು.

ಮೊದಲ ನಲ್ಲಿ ಸ್ವಂತ ಊರಿಗೇ. ಅಂಗಡಿ ಬೀದಿಯಲ್ಲಿ ಶಾಮಿಯಾನ, ಮೈಕು, ರಿಬ್ಬನ್ನು ಸುತ್ತಿದ ನಲ್ಲಿ. ಮುಂದಿನ ಸಾಲಿನಲ್ಲಿ ಕೂತ ಹೆಂಡತಿ ನಲ್ಲಿಯ ಬುಡವನ್ನೇ ನೋಡುತ್ತಿದ್ದಳು. ಸರ್ಕಾರ ಕೊಂಡ ಪೈಪುಗಳೆಲ್ಲ ಇನ್ನೂ ಅವರದೇ ಗೋಡೌನಿನಲ್ಲಿದ್ದವು. ನಲ್ಲಿಯನ್ನು ಗುಲಾಬಿ ಕಡ್ಡಿಯ ಹಾಗೆ ಬರೀ ನೆಲಕ್ಕೆ ನೆಟ್ಟಿದ್ದರು.

ಮಂತ್ರಿಗಳು ತಿರುಗಿಸಿದರು. ನಲ್ಲಿ ಒಮ್ಮೆ ಕೀಂಯ್ ಎಂದು ಸುಮ್ಮನಾಯಿತು.

"ನೀರು ಹೊರಟಿದೆ, ದಾರೀಲಿದೆ!" ಎಂದು ಸಾರಿದರು.

ಹೆಂಡತಿಗೆ ತಡೆಯಲಾಗಲಿಲ್ಲ. ಎದ್ದೇ ನಿಂತಳು. "ರೀ, ಯಾವ ದಾರೀಲಿ ಬರುತ್ತೆ? ಪೈಪೆಲ್ಲ ನಮ್ಮ ಗೋಡೌನಲ್ಲೇ ಇದೆಯಲ್ಲ!"

ಜನ ಗೊಳ್ಳೆಂದು ನಕ್ಕರು. ಅಧಿಕಾರಿಗಳ ಮುಖ ಬಿಳಿಚಿಕೊಂಡಿತು. ಮಂತ್ರಿಗಳು ಮಾತ್ರ ಕಣ್ಣೊರೆಸಿಕೊಂಡು ಮೈಕ್ ಹಿಡಿದರು. "ನೋಡಿದ್ರಾ? ನನ್ನ ಆಡಳಿತದಲ್ಲಿ ಸ್ವಂತ ಹೆಂಡತಿಗೂ ಪ್ರಶ್ನೆ ಕೇಳೋ ಸ್ವಾತಂತ್ರ್ಯ ಇದೆ!"

ನಕ್ಕವರೇ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಊಟಕ್ಕೆ ಕೂರುವಷ್ಟರಲ್ಲಿ ರಾಜಧಾನಿಯಿಂದ ಫೋನು. ತನ್ನ ಬಾಯಿಂದ ಗಂಡನ ಕುರ್ಚಿ ಹೋಯಿತೆಂದೇ ಅವಳು ಅಂದುಕೊಂಡಳು.

ಮಂತ್ರಿಗಳು ಫೋನಿಟ್ಟು ತಟ್ಟೆ ಎಳೆದುಕೊಂಡರು. "ಭಾಷಣ ದೊಡ್ಡವರಿಗೆ ಹಿಡಿಸಿತಂತೆ ಕಣೇ. ರೈಲ್ವೆನೂ ನನಗೇ ಕೊಟ್ರು."

"ಪಾಪ, ರೈಲು," ಎಂದಳು.

ಅವರ ಕಾರು ಬೀದಿ ದಾಟಿದ್ದೇ ತಡ, ಪ್ಲಂಬರನನ್ನು ಕರೆಸಿ ಗೋಡೌನಿನ ಬಾಗಿಲು ತೆಗೆಸಿದಳು. ಊರ ಟ್ಯಾಂಕಿನಿಂದ ನಲ್ಲಿಯ ತನಕ ಬೀದಿಯವರೇ ನೆಲ ಅಗೆದುಕೊಟ್ಟರು. ಹದಿನಾಲ್ಕನೆಯ ದಿನ ನೀರು ಬಂತು. ಕೊಡ ಹಿಡಿದು ನಿಂತವರು "ಮಂತ್ರಿಗಳಿಗೆ ಜೈ!" ಎಂದು ಗಂಟಲು ಹರಿದುಕೊಂಡರು.

"ಕೂಗಿದ್ದು ಸಾಕು, ಮೊದಲು ಆ ಪ್ಲಂಬರ್‌ಗೆ ಯಾರಾದ್ರೂ ಟೀ ಕೊಡಿ," ಎಂದು ಅವಳು ಅಂಗಡಿಯ ಕಡೆ ನಡೆದಳು.